ಕಾದಂಬರಿಯ ಎಳೆ ಹಿಡಿಯುವ ಮಾವ

ನನ್ನ ಸೋದರಮಾವನ ಕಣ್ಣಿಗೆ ಬೀಳದೆ ಆದೋನಿಯಲ್ಲಿ ಓಡಾಡುವವರು ಪುಣ್ಯವಂತರು. ಮದುವೆಗೆ ಕರೆಯಲು ಹೋದವರೂ ಒಂದು ಮಾಂತ್ರಿಕ ಕಾದಂಬರಿ ಹೊತ್ತುಕೊಂಡೇ ಬರಬೇಕು!

ಮಾವ ಮಾರ್ಕೆಟ್ಟಿನಲ್ಲಿ ಹತ್ತಿಯ ಗುಣ ನೋಡುವವನು. ಚಿಟಿಕೆ ಹತ್ತಿಯನ್ನು ಬೆರಳುಗಳಲ್ಲಿ ಎಳೆದು ಎಳೆ ಎಷ್ಟುದ್ದ, ಕಸ ಎಷ್ಟು, ತೇವ ಎಷ್ಟು ಎಂದು ಹೇಳಿಬಿಡುತ್ತಿದ್ದ. ಲೇಖಕರನ್ನು ಬಿಟ್ಟಾನೆಯೇ? ಯುದ್ಧವನ್ನೇ ನೂರು ಪುಟ ಬರೆದವನದು ಕಸ. ಓದುವವರನ್ನು ಪುಟಕ್ಕೊಮ್ಮೆ ಅಳಿಸುವವನದು ತೇವ ಜಾಸ್ತಿ. ಉದ್ದ ಎಳೆಯವಳು ಒಬ್ಬಳೇ ಲೇಖಕಿ. ಒಂದೊಂದೇ ಸಂಪುಟವಾಗಿ ಬರುತ್ತಿದ್ದ ಅವಳ ತೆಲುಗು ಕಾದಂಬರಿಯಲ್ಲಿ ನೆರಳು ಕಳೆದುಕೊಂಡ ರಾಜಕುಮಾರಿಯನ್ನು ಒಂದು ಮುದಿ ಹಕ್ಕಿ ಹೊತ್ತು ತಿರುಗುತ್ತದೆ.

ಒಮ್ಮೆ ಆಟೋದಲ್ಲಿ ಓದು ಬಾರದ ಹೆಂಗಸೊಬ್ಬಳಿಗೆ ಈ ಕಥೆ ಶುರುಮಾಡಿದ. ಆಕೆ ಕೌತಾಳಂನಲ್ಲಿ ಇಳಿಯುವುದನ್ನೇ ಮರೆತಳು! ಮಾವನಿಗೆ ಚೆನ್ನಾಗಿ ಬೈದಳು. ಆಮೇಲೆ ಸಿಕ್ಕಾಗಲೆಲ್ಲ ಹಕ್ಕಿ ಏನಾಯಿತೆಂದು ಕೇಳುತ್ತಿದ್ದಳು.

ನಾನಂತೂ ಮೊದಲ ಸಂಪುಟ ತೆರೆಯದೆಯೇ ಓದಿ ಅತ್ತೆನೆಂದೆ. ಮಾವ ಬೆರಳು ಉಜ್ಜಿ, "ನೀ ಹತ್ತಿ ಗಂಟೇ ಬಿಚ್ಚಿಲ್ಲ ಅಳಿಯಾ" ಎಂದ.

ಕೊನೆಯ ಸಂಪುಟ ಬರುವ ಹೊತ್ತಿಗೆ ಮಾವನ ಕಣ್ಣು ಪೂರ್ತಿ ಹೋಗಿತ್ತು. ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲವೆಂದರು. ಪುಸ್ತಕವನ್ನು ತೊಡೆಯ ಮೇಲಿಟ್ಟು ಸವರುತ್ತಾ ಕೂರುತ್ತಿದ್ದ. ಮನೆಗೆ ಬಂದವರಿಗೆ ಏನನ್ನೂ ಓದೆನ್ನುತ್ತಿರಲಿಲ್ಲ. ಅವನಿಂದ ತಪ್ಪಿಸಿಕೊಂಡು ತಿರುಗಿದ ನನಗೆ ಆ ಮೌನ ತಡೆಯಲಾಗಲಿಲ್ಲ.

"ಆ ಹಕ್ಕಿ ಉಳೀತತೇನು? ಅಷ್ಟು ಓದಿ ಹೇಳು" ಎಂದ ಒಂದು ದಿನ.

ಹತ್ತು ಮಧ್ಯಾಹ್ನ ಕೂತು ತೆಲುಗಿನಲ್ಲಿ ಗಟ್ಟಿಯಾಗಿ ಓದಿದೆ. ಕೊನೆಯ ಪುಟದಲ್ಲಿ ಹಕ್ಕಿ ಸತ್ತಿತ್ತು. ಮಾವ ಮುಖ ಎತ್ತಿ ಕಾಯುತ್ತಿದ್ದ. ನನ್ನ ಬಾಯಿಂದ ಅದು ಬರಲಿಲ್ಲ. ಹಕ್ಕಿ ಎದ್ದಿತು, ರಾಜಕುಮಾರಿ ದಾರಿ ಹೇಳಿದಳು, ಇಬ್ಬರೂ ಊರು ಸೇರಿದರು ಎಂದು ಪುಟ ನೋಡದೆಯೇ ಓದಿದೆ.

ಮಾವ ಬರಿಗೈ ಬೆರಳುಗಳನ್ನೇ ಎಳೆದು ನೋಡಿಕೊಂಡ. "ಕೊನೀಗೆ ಬ್ಯಾರೆ ಹತ್ತಿ ಬೆರಸೀದಿ."

ಹೇಗೆ ಗೊತ್ತಾಯಿತೆಂದು ಕೇಳಿದೆ.

"ಅಲ್ಲೀತನ ತೆಲುಗಿನಾಗ ಓದಿದಿ. ಹಕ್ಕಿ ಎದ್ದಿದ್ದು ಕನ್ನಡದಾಗ."

ನಾನು ಪುಸ್ತಕ ಮುಚ್ಚಿದೆ. ಮಾವ ತಡಕಾಡಿ ನನ್ನ ಕೈ ಹಿಡಿದ.

"ತೇವ ಜಾಸ್ತಿ ಐತಿ. ಇರ್ಲಿ, ಎಳಿ ಚಲೋ ಐತಿ. ಆಟೋದಾಗ ಆಕಿ ಸಿಕ್ಕು ಹಕ್ಕಿ ಏನಾತಂದ್ರ ನಿಂದೇ ಹೇಳು."