ಅತ್ತೆಯ ದೋಣಿಯ ನೀರಡಿಕೆ

ನನಗೂ ಒಂದು ಹೆಸರಿದೆ. ಪಾದ್ರಿಗಳು ನೆತ್ತಿಯ ಮೇಲೆ ನೀರು ಹಾಕಿ ಇಟ್ಟ ಹೆಸರು, ರೂಫಸ್. ಅದು ನಮ್ಮ ಹಾರ್ಕರ್ಸ್ ದ್ವೀಪದ ಅಂಚೆಯವನಿಗೆ ಗೊತ್ತು, ಕ್ಷೌರದವನಿಗೆ ಗೊತ್ತು, ಪಕ್ಕದ ಮನೆಯ ನಾಯಿಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಗೊತ್ತಿಲ್ಲದವರಂತೆ ಇದ್ದವರು ಒಬ್ಬರೇ, ನನ್ನ ಹೆಂಡತಿಯ ತಾಯಿ ಅಡೀಲಿಯಾ.

ಮದುವೆಯಾದ ದಿನದಿಂದ ಅವರ ಬಾಯಲ್ಲಿ ನಾನು ‘ಒಣನೆಲದೋನು’. ಆ ಹೆಸರಿನಿಂದಲೂ ನೇರವಾಗಿ ಕರೆಯುವವರಲ್ಲ. ನಾನು ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರೂ ಮಗಳ ಕಡೆ ತಿರುಗಿ, “ಮೊಜೆಲ್, ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಆ ಒಣನೆಲದೋನಿಗೆ ಹೇಳು” ಎನ್ನುತ್ತಿದ್ದರು. ಮೊಜೆಲ್ ನನಗೆ ಹೇಳುತ್ತಿದ್ದಳು, ನಾನು ತಳ್ಳುತ್ತಿದ್ದೆ. ಇಂಥ ಊಟ ಎಷ್ಟಾಗಿದೆಯೋ ದೇವರೇ ಬಲ್ಲ. ನಾನು ಮಾಡಿದ ಪಾಪವೆಂದರೆ ಸಮುದ್ರದ ವಾಸನೆಯೂ ತಲುಪದ ಹೊಗೆಸೊಪ್ಪಿನ ಹೊಲಗಳ ನಡುವೆ ಹುಟ್ಟಿದ್ದು. ಸಾಲದ್ದಕ್ಕೆ ವಿಮೆ ಏಜೆಂಟನಾಗಿದ್ದೆ. ದ್ವೀಪದವರ ದೋಣಿಗಳೆಲ್ಲ ಇಂದೋ ನಾಳೆಯೋ ಮುಳುಗುತ್ತವೆ ಎಂದು ಹೆದರಿಸಿ ಹೊಟ್ಟೆ ಹೊರೆದವನು. (ಒಂದೂ ಮುಳುಗಲಿಲ್ಲ. ಅದೂ ನನ್ನದೇ ತಪ್ಪಾಯಿತು.)

ನಿವೃತ್ತನಾದ ಮೇಲೆ ಒಂದು ಭಾನುವಾರ ಮೊಜೆಲ್ ಪಾತ್ರೆ ಒರೆಸುತ್ತ ಮೆಲ್ಲಗೆ ಹೇಳಿದಳು. ಅವಳ ಅಮ್ಮನಿಗೆ ಒಂದೇ ಆಸೆಯಂತೆ. ಕಣ್ಣು ಪೂರ್ತಿ ಮಬ್ಬಾಗುವ ಮೊದಲು ಗಂಡನ ದೋಣಿಯ ಮೇಲೆ ಒಂದು ಸಲ ನಿಲ್ಲಬೇಕಂತೆ. ಆ ದೋಣಿಯನ್ನು ಮಾವ ಆಂಬ್ರೋಸ್ ಹಿತ್ತಲ ಷೆಡ್ಡಿನಲ್ಲಿ ನಕ್ಷೆಯಿಲ್ಲದೆ, ಬರೀ ಕಣ್ಣಳತೆಯಲ್ಲಿ ಬಿಳಿ ಸೀಡರ್ ಹಲಗೆಯಿಂದ ಕಟ್ಟಿದ್ದರು. ಮೂತಿ ಹೂವಿನಂತೆ ಹೊರಕ್ಕೆ ಅರಳಿದ, ದೊಡ್ಡ ಮಾರ್ಲಿನ್ ಮೀನಿನ ಬೆನ್ನು ಹತ್ತುವ ದೋಣಿ. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟಿದ್ದರು. ಮೊಜೆಲ್ ತೊಟ್ಟಿಲಲ್ಲಿದ್ದಾಗಲೇ ಅದು ಯಾರಿಗೋ ಮಾರಿಹೋಯಿತು. ಮಾವ ಹೋಗಿಯೂ ಬಹಳ ಕಾಲವಾಯಿತು.

ನನ್ನ ತಲೆಯಲ್ಲಿ ಆ ಕ್ಷಣವೇ ಮಹಾಸಂಕಲ್ಪವೊಂದು ಉದಯಿಸಿತು. ದೋಣಿಯನ್ನು ಹುಡುಕಿ ತರುತ್ತೇನೆ, ಹೊಸದರಂತೆ ಮಾಡುತ್ತೇನೆ, ಅತ್ತೆಯನ್ನು ಕೈಹಿಡಿದು ಹತ್ತಿಸುತ್ತೇನೆ, ಆಗ ಅವರು ತಮ್ಮ ಬಾಯಾರೆ ನನ್ನನ್ನು ‘ರೂಫಸ್’ ಎನ್ನುತ್ತಾರೆ. ಇದನ್ನು ಮೊಜೆಲ್‌ಗೆ ಹೇಳಿದಾಗ ಅವಳು, “ನಿಮಗೆ ಸ್ನಾನದ ಮನೆ ನಲ್ಲಿ ರಿಪೇರಿ ಮಾಡೋಕೆ ಬರಲ್ಲ” ಎಂದಳು. ನಲ್ಲಿಯ ವಿಷಯ ಬೇರೆ ಎಂದು ನಾನು ಅಲ್ಲಿಗೇ ಮುಗಿಸಿದೆ.

ದೋಣಿ ಫ್ಲಾರಿಡಾಕ್ಕೆ ಹೋಗಿತ್ತು ಎಂದರು, ಹೋದೆ. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಅದನ್ನು ಕೊಂಡು, ಸಮುದ್ರಕ್ಕಿಳಿದರೆ ವಾಂತಿ ಬರುತ್ತದೆಂದು ಮಾರಿಬಿಟ್ಟಿದ್ದ. ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ. ಕೊನೆಗೆ ಜಾರ್ಜಿಯಾದ ಹೆದ್ದಾರಿ ಪಕ್ಕದ ಒಂದು ಹುರಿದ ಮೀನಿನ ಹೋಟೆಲಿನ ಹಿಂದೆ ನನ್ನ ಕಣ್ಣಿಗೆ ಅರಳಿದ ಮೂತಿ ಬಿತ್ತು. ದೋಣಿಯೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಹೆಸರು ಬರೆಯುವ ಹಿಂಬದಿಯ ಹಲಗೆಯನ್ನು ಯಾರೋ ಬದಲಾಯಿಸಿದ್ದರಿಂದ ಹೆಸರಿನ ಗುರುತೇ ಇರಲಿಲ್ಲ. ಹೋಟೆಲಿನವನು ಅದು ಜಲಪ್ರಳಯದ ನೋಹನ ಕಾಲದ್ದೆಂದು ಆಣೆ ಇಟ್ಟು ಹೇಳಿದ, ಅದು ಮಾವನ ಕಾಲದ್ದೆಂದು ನಾನು ನಂಬಿದೆ. ಇಬ್ಬರಲ್ಲಿ ಯಾರ ಬಳಿಯೂ ಸಾಕ್ಷಿ ಇರಲಿಲ್ಲ.

ಲಾರಿಯಲ್ಲಿ ಹೇರಿಸಿಕೊಂಡು ಬಂದೆ. ಕಾವು ಕೂತಿದ್ದ ಒಂದು ಕಂದು ಕೋಳಿ ಇಳಿಯಲು ಒಪ್ಪದೆ ಅದರಲ್ಲೇ ಬಂತು. ಅತ್ತೆ ಕೋಲೂರಿಕೊಂಡು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅಲ್ಲಲ್ಲಿ ಹಲಗೆ ಸವರಿದರು. ನಾನು ಹಿಂದೆ ಹಿಂದೆಯೇ ಸುತ್ತಿದೆ.

“ಮೊಜೆಲ್, ನಮ್ಮನೆಯವರು ಕಟ್ಟಿದ ದೋಣೀಲಿ ಕೋಳಿ ಇರ್ಲಿಲ್ಲ ಅಂತ ಅವನಿಗೆ ಹೇಳು,” ಎಂದು ಒಳಗೆ ಹೋಗಿಬಿಟ್ಟರು.

ಆ ಚಳಿಗಾಲವೆಲ್ಲ ನಾನು ಒಳಗೊಳಗೇ ಬೆಂದೆ. ಇದು ಮಾವನ ದೋಣಿಯೇ ಅಲ್ಲದಿದ್ದರೆ? ಮುದುಕಿಯ ಕೊನೆಯ ಆಸೆಗೆ ನಾನು ಯಾರದೋ ಕೋಳಿಗೂಡು ತಂದು ಕೊಟ್ಟಂತಾಯಿತಲ್ಲ! ಆದರೆ ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಕೊಳೆತ ಹಲಗೆ ಕಿತ್ತೆ, ಹೊಸದು ಹಾಕಿಸಿದೆ, ಉಜ್ಜಿದೆ, ಬಣ್ಣ ಬಳಿದೆ. ಮೇಲುಗಡೆ ಚುಕ್ಕಾಣಿಯ ಹತ್ತಿರ ಒಂದು ಕೊಳಕು ಮರದ ಪೆಟ್ಟಿಗೆ ಹಗ್ಗದಲ್ಲಿ ಬಿಗಿದಿತ್ತು. ಹಲ್ಲಿನ ಡಾಕ್ಟರ್ ವಾಂತಿಗೆಂದು ಇಟ್ಟುಕೊಂಡದ್ದಿರಬೇಕೆಂದು ಅದನ್ನು ಬಿಚ್ಚಿ, ಬಣ್ಣ ಬಳಿಯುವಾಗ ಕೂರಲು ಇಟ್ಟುಕೊಂಡೆ. ಅದರ ಜಾಗದಲ್ಲಿ ನನಗೆಂದು ಮೆತ್ತೆಯ ಭವ್ಯ ಸಿಂಹಾಸನವೊಂದನ್ನು ತರಿಸಿದೆ. ಕ್ಯಾಪ್ಟನ್ ಎಂದ ಮೇಲೆ ಕೂರಲು ಒಂದು ಲಕ್ಷಣವಾದ ಕುರ್ಚಿ ಬೇಡವೇ?

ಎಲ್ಲಕ್ಕಿಂತ ಮುಖ್ಯವಾಗಿ ದೋಣಿಯನ್ನು ಒಣಗಿಸಿದೆ. ಷೆಡ್ಡಿನಲ್ಲಿ ಒಲೆ ಹೊತ್ತಿಸಿ, ಮೇಲೆ ಟಾರ್ಪಾಲು ಹೊದಿಸಿ, ಹಪ್ಪಳ ಒಣಗಿಸಿದ ಹಾಗೆ ಒಣಗಿಸಿದೆ. ಅತ್ತೆ ಕಿಟಕಿಯಿಂದ ನೋಡಿ, “ಅದಕ್ಕೆ ಬಾಯಾರಿದೆ ಅಂತ ಅವನಿಗೆ ಹೇಳು” ಎಂದರಂತೆ. ವಯಸ್ಸಾಯಿತು ಪಾಪ, ಎಂದುಕೊಂಡೆ. ಮೊಜೆಲ್ ಕೂಡ ಏನೋ ಹೇಳಲು ಬಂದಳು. ನಿಮ್ಮಪ್ಪನ ಕಾಲ ಬೇರೆ, ಈಗಿನ ವಿಜ್ಞಾನ ಬೇರೆ ಎಂದು ಅವಳನ್ನು ಕಳಿಸಿದೆ. ದೋಣಿ ಎತ್ತುವ ಯಂತ್ರದ ಹಾಲ್ಸಿ, ಎಂಜಿನ್ನನ್ನು ಆಮೇಲೆ ಕೂರಿಸೋಣ, ಮೊದಲು ದೋಣಿಯನ್ನು ಯಂತ್ರದ ತೂಗುಪಟ್ಟಿಯಲ್ಲೇ ಒಂದೆರಡು ದಿನ ನೀರಲ್ಲಿ ತೂಗಿಬಿಡೋಣ ಎಂದ. ಎಂಜಿನ್ ಮಾತಿಗೆ ಒಪ್ಪಿದೆ. ತೂಗುವುದು ಬಾಡಿಗೆ ಕೀಳುವ ಹುನ್ನಾರವೆಂದು ವಿಮೆಯವನ ಬುದ್ಧಿಗೆ ಹೊಳೆದುದರಿಂದ ಖಡಾಖಂಡಿತವಾಗಿ ಬೇಡವೆಂದೆ.

ಅಂತೂ ಶುಭದಿನ ಬಂತು. ದ್ವೀಪದವರೆಲ್ಲ ಮಡಚುವ ಕುರ್ಚಿ ತಂದು ದಡದಲ್ಲಿ ಸಾಲಾಗಿ ಕೂತರು. ಹುರಿದ ಮೀನು, ಅಂಜೂರದ ಕೇಕು, ತಣ್ಣನೆಯ ಸಿಹಿ ಚಹಾ. ನನ್ನ ಮೇಲೆ ಇವರಿಗೆ ಇಷ್ಟು ಅಭಿಮಾನವೇ ಎಂದು ಎಲ್ಲರಿಗೂ ಕೈಬೀಸಿದೆ. ಬಿಳಿ ಪ್ಯಾಂಟು, ಚಿನ್ನದ ದಾರದ ಟೋಪಿ ಧರಿಸಿ ನಾನು ದೋಣಿಯ ಮೂತಿಯಲ್ಲಿ ನಿಂತೆ. ದೋಣಿ ನೀರು ಮುಟ್ಟಿತು. ಪಟ್ಟಿ ಬಿಡಿಸು ಎಂದು ಕೈಯೆತ್ತಿದೆ. ಹಾಲ್ಸಿ ಇನ್ನೊಮ್ಮೆ ಯೋಚಿಸಿ ಎಂಬಂತೆ ನೋಡಿ, ಬಿಡಿಸಿದ.

ನಾನು ಭಾಷಣ ಬರೆದುಕೊಂಡು ಬಂದಿದ್ದೆ. ‘ಮಾನ್ಯ ದ್ವೀಪವಾಸಿಗಳೇ’ ಎನ್ನುವಷ್ಟರಲ್ಲಿ ಬೂಟಿನೊಳಗೆ ತಣ್ಣಗಾಯಿತು. ಬಗ್ಗಿ ನೋಡಿದರೆ ಒಂದೊಂದು ಹಲಗೆಯ ಸಂದಿನಿಂದಲೂ ನೀರು ಚಿಮ್ಮುತ್ತಿತ್ತು. ಬಕೆಟ್ ಹಿಡಿದು ಮೊಗೆದೆ. ಒಂದು ಬಕೆಟ್ ಹೊರಗೆ ಹೋದರೆ ಒಂದು ಬಾವಿಯೇ ಒಳಗೆ ಬರುತ್ತಿತ್ತು. ಇನ್ನೂ ದೋಣಿ ಬಿಡದಿದ್ದ ಕೋಳಿ ಜಾಣತನದಿಂದ ಅದರ ಮಾಡು ಹತ್ತಿ ಕೂತಿತು. ದೋಣಿ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಮರಳಿನ ಮೇಲೆ ಕುಳಿತಾಗ ನೀರು ನನ್ನ ಸೊಂಟಕ್ಕೆ ಬಂದಿತ್ತು.

ಆಶ್ಚರ್ಯವೆಂದರೆ ದಡದಲ್ಲಿ ಒಬ್ಬರೂ ಎದ್ದಿರಲಿಲ್ಲ. ಪಾದ್ರಿಗಳು ಇನ್ನೊಂದು ತುಂಡು ಕೇಕು ಹಾಕಿಸಿಕೊಳ್ಳುತ್ತಿದ್ದರು. ಮುಳುಗಿದೆ, ಎಲ್ಲ ಮುಳುಗಿತು ಎಂದು ನಾನು ಕೂಗಿದೆ. ಮೊಜೆಲ್ ನೀರಿನಂಚಿಗೆ ಬಂದಳು.

“ರೀ, ಒಣಗಿದ ಮರದ ದೋಣಿ ಮೊದಲನೇ ದಿನ ಮುಳುಗೇ ಮುಳುಗುತ್ತೆ. ನೀರು ಕುಡಿದು ಹಲಗೆ ಉಬ್ಬಿ, ಸಂದು ತಾನೇ ಮುಚ್ಚಿಕೊಳ್ಳುತ್ತೆ. ಆಮೇಲೆ ನೀರು ಹೊರಗೆ ಹಾಕಿದ್ರೆ ಆಯ್ತು. ಇಲ್ಲಿ ಹಾಲು ಕುಡಿಯೋ ಮಕ್ಕಳಿಗೂ ಗೊತ್ತು.”

“ಮೊದಲೇ ಹೇಳಬಾರದಿತ್ತಾ?”

“ಹೇಳೋಕೆ ಬಂದಿದ್ದೆ. ವಿಜ್ಞಾನ ಬೇರೆ ಅಂದ್ರಿ.”

ಇವರೆಲ್ಲ ಕುರ್ಚಿ, ತಿಂಡಿ ಸಮೇತ ಬಂದದ್ದು ಯಾವ ಅಭಿಮಾನಕ್ಕೆಂದು ಆಗ ತಿಳಿಯಿತು. ಅಷ್ಟರಲ್ಲಿ ನನ್ನ ದೋಣಿಯ ಒಳಗಿನದೆಲ್ಲ ಒಂದೊಂದಾಗಿ ಮೆರವಣಿಗೆ ಹೊರಟಿತು. ಬ್ರಷ್ಷುಗಳು, ಭಾಷಣ, ಚಿನ್ನದ ದಾರದ ಟೋಪಿ. ಎಲ್ಲದರ ಹಿಂದೆ ಆ ಕೊಳಕು ಪೆಟ್ಟಿಗೆ ತೇಲುತ್ತ ನೇರವಾಗಿ ದಡಕ್ಕೆ ಹೋಯಿತು.

ಅತ್ತೆ ಎದ್ದರು. ಕೋಲಿನಿಂದ ಪೆಟ್ಟಿಗೆಯನ್ನು ಎಳೆದುಕೊಂಡು, ಬಗ್ಗಿ ಮರಳ ಮೇಲೆ ಕೂರಿಸಿದರು. ಅದರ ಮೇಲ್ಭಾಗದಲ್ಲಿ ಎರಡು ಕಡೆ ಮರ ಸವೆದು ತಗ್ಗಾಗಿತ್ತು. ನಾನು ಚಳಿಗಾಲವಿಡೀ ಅದರ ಮೇಲೆ ಕೂತಿದ್ದರೂ ಗಮನಿಸಿರಲಿಲ್ಲ. (ಕೂತವನಿಗೆ ಅದು ಕಾಣುವುದಾದರೂ ಹೇಗೆ?) ಅತ್ತೆ ಚಪ್ಪಲಿ ಬಿಟ್ಟು, ಮಗಳ ಭುಜ ಹಿಡಿದು ಪೆಟ್ಟಿಗೆ ಹತ್ತಿದರು. ಆ ಪುಟ್ಟ ಪಾದಗಳೆರಡೂ ಆ ಎರಡು ತಗ್ಗಿನಲ್ಲಿ ಸರಿಯಾಗಿ ಕೂತವು.

ಪಾದ್ರಿಗಳು ಕೇಕಿನ ತಟ್ಟೆ ಕೆಳಗಿಟ್ಟರು.

“ಅವರು ಕೆಳಗೆ ಮೀನು ಎಳೀತಿದ್ರು. ಚುಕ್ಕಾಣಿ ನಂದು,” ಎಂದರು ಅತ್ತೆ. “ನಾನು ಕುಳ್ಳಿ, ಮುಂದೆ ಏನೂ ಕಾಣ್ತಿರ್ಲಿಲ್ಲ. ಅದಕ್ಕೆ ಇದನ್ನ ಮಾಡಿಕೊಟ್ಟರು. ಇದು ಅವರದೇ ದೋಣಿ.”

ಮೊಜೆಲ್‌ಗೂ ಇದು ಗೊತ್ತಿರಲಿಲ್ಲ. ಅವಳು ಅತ್ತಳು. ನಾನೂ ಅತ್ತುಬಿಟ್ಟೆ. ಸೊಂಟದವರೆಗೆ ನೀರಲ್ಲಿ ನಿಂತವನ ಕಣ್ಣೀರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆ ದಿನ ದೋಣಿ ಮುಳುಗಿದ್ದಕ್ಕೆ ನಾನು ದೇವರಿಗೆ ಕೃತಜ್ಞ. ತೇಲಿದ್ದರೆ ಆ ಪೆಟ್ಟಿಗೆ ಮರುದಿನ ಒಲೆಗೆ ಹೋಗುತ್ತಿತ್ತು. ನನ್ನ ಮಾತು ಕೇಳದ ಹಲಗೆಗಳಿಗೂ, ಬಾಯಿ ಮುಚ್ಚಿಕೊಂಡಿದ್ದ ಹೆಂಡತಿಗೂ ನಾನು ಋಣಿ.

ಅತ್ತೆ ಪೆಟ್ಟಿಗೆಯ ಮೇಲಿಂದಲೇ ನನ್ನ ಕಡೆ ತಿರುಗಿದರು. ಮಗಳ ಕಡೆಗಲ್ಲ, ನನ್ನ ಕಡೆಗೇ.

“ರೂಫಸ್.”

ನಾನು ನೀರಲ್ಲೇ ನೆಟ್ಟಗೆ ನಿಂತೆ.

“ಬಕೆಟ್ ತೇಲಿ ಹೋಗ್ತಿದೆ, ಹಿಡ್ಕೋ.”

ಈಗ ದೋಣಿ ಹೊಟ್ಟೆ ತುಂಬ ನೀರು ಕುಡಿದು ಸುಖವಾಗಿ ತೇಲುತ್ತಿದೆ. ಎಂಜಿನ್ನೂ ಕೂತಿದೆ. ಮೇಲೆ ಪೆಟ್ಟಿಗೆಯ ಮೇಲೆ ಅತ್ತೆ. ಅವರಿಗೆ ದೂರದ್ದು ಮಬ್ಬಾದ್ದರಿಂದ ಪಕ್ಕದಲ್ಲಿ ಮೊಜೆಲ್ ನಿಂತು ಬಲ ಎಡ ಹೇಳುತ್ತಾಳೆ. ನನ್ನ ಸಿಂಹಾಸನ ಮನೆಯ ಜಗಲಿಯಲ್ಲಿದೆ, ಕಂದು ಕೋಳಿ ಅದರಲ್ಲಿ ಮೊಟ್ಟೆ ಇಡುತ್ತದೆ. ನಾನು ಕೆಳಗಡೆ ಗಾಳಕ್ಕೆ ಬಂಗುಡೆ ಕತ್ತರಿಸುತ್ತೇನೆ. “ರೂಫಸ್, ಆ ಹಗ್ಗ.” “ರೂಫಸ್, ಕಾಲು ತೆಗಿ.” “ರೂಫಸ್, ಅದು ಮೀನಲ್ಲ, ಪಾಚಿ.” ಒಣನೆಲದೋನಾಗಿದ್ದಾಗ ಉಪ್ಪು ತಳ್ಳುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವೇ ಇರಲಿಲ್ಲ. ಅದೆಂಥ ಬಿಡುವಿನ ಪದವಿಯಾಗಿತ್ತು!

ಆದರೂ ಒಮ್ಮೊಮ್ಮೆ ಅವರು ಕರೆದಾಗ ಕೇಳಿಸದವನ ಹಾಗೆ ನಿಂತುಬಿಡುತ್ತೇನೆ, ಇನ್ನೊಂದು ಸಲ ಕರೆಯಲಿ ಎಂದು. ಮೊನ್ನೆ ಹಾಗೆ ನಿಂತಿದ್ದೆ. ಇನ್ನೊಂದು ಸಲವೂ ಕರೆದರು, ಅದರ ಹಿಂದೆಯೇ ಮೇಲಿನಿಂದ ಒಂದು ಬಂಗುಡೆ ಬಂದು ನನ್ನ ಬೆನ್ನಿಗೆ ಬಿತ್ತು. ದೂರದ್ದು ಕಾಣುವುದಿಲ್ಲ ಎನ್ನುತ್ತಾರೆ, ಗುರಿ ಮಾತ್ರ ತಪ್ಪುವುದಿಲ್ಲ.