ಕಾಸು ಮುಟ್ಟದ ಆಟಗಾರ

ಆರ್ವಿಲ್ ಟ್ಯಾಕಬೆರಿಗೆ ಹಲ್ಲುನೋವು ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಡನ್‌ಮೋರ್ ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಆರ್ವಿಲ್, ಚಳಿಗಾಲ ಬಂತೆಂದರೆ ಊರಿನ ಐಸ್ ಹಾಕಿ ತಂಡದ ಆಟಗಾರ. ತಂಡದ ಅಧ್ಯಕ್ಷರು ಮರದ ಮಿಲ್ಲಿನ ಡಾಲ್‌ಗ್ಲೀಶ್ ಸಾಹೇಬರು. ಮರ್ಯಾದಸ್ಥರು ಊರಿನ ಮಾನಕ್ಕಾಗಿ ಆಡುತ್ತಾರೆ, ಆಟಕ್ಕೆ ಕಾಸು ಮುಟ್ಟಿದವನು ನನ್ನ ಹೊಸಿಲು ತುಳಿಯಕೂಡದು ಎಂದು ಅವರು ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಆರ್ವಿಲ್‌ಗೋ ಆ ಹೊಸಿಲು ತುಳಿಯಲೇಬೇಕಿತ್ತು. ಒಳಗೆ ಅವರ ಮಗಳು ಲವಿನಿಯಾ ಇದ್ದಳು.

ಆದರೆ ಗುಮಾಸ್ತನ ಸಂಬಳದಲ್ಲಿ ಸಂಸಾರ ಹೂಡುವುದು ಹೇಗೆ? ಬೆಳ್ಳಿ ಗಣಿಯ ಊರಾದ ಸಿಲ್ವರ್ ಕ್ರೀಕ್‌ನವರು ಗುಟ್ಟಾಗಿ ಕರೆ ಕಳಿಸಿದ್ದರು. ಸುಳ್ಳು ಹೆಸರಿನಲ್ಲಿ ಶನಿವಾರ ಒಂದೇ ಒಂದು ಪಂದ್ಯ, ಕೈಗೆ ನಗದು. ಆರ್ವಿಲ್ ಒಪ್ಪಿಕೊಂಡ. ಊರಿನ ತಂಡದ ಅಭ್ಯಾಸ ತಪ್ಪಿಸಲು ಹಲ್ಲುನೋವೆಂದು ಮಲಗಿದ.

ಬಾಡಿಗೆ ಮನೆಯ ಒಡತಿ ಟ್ರಾಟಮ್ಮ ಲವಂಗದೆಣ್ಣೆ ಹಚ್ಚಿದಳು, ಸಾಸಿವೆ ಪಟ್ಟು ಹಾಕಿದಳು, ಅಷ್ಟಕ್ಕೇ ಬಿಡದೆ ಬ್ಯಾಂಕಿಗೂ ಸುದ್ದಿ ಮುಟ್ಟಿಸಿದಳು. ಜೊತೆಯ ಗುಮಾಸ್ತರು ಬಂದವರೇ, ಬೇಡ ಬೇಡವೆಂದರೂ ಕೇಳದೆ, ಅವನನ್ನು ಹೊತ್ತುಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರಿಸಿದರು.

"ಯಾವ ಹಲ್ಲಪ್ಪಾ?" ಎಂದರು ಡಾಕ್ಟರು.

ಒಂದನ್ನು ತೋರಿಸದೆ ವಿಧಿಯಿರಲಿಲ್ಲ. ಕಲ್ಲಿನಂಥ ಹಲ್ಲು, ಬರಲೊಲ್ಲದು. ಡಾಕ್ಟರು ಕುರ್ಚಿಗೆ ಮಂಡಿಯೂರಿ ಎಳೆದರು, ಇಬ್ಬರು ಗುಮಾಸ್ತರು ಡಾಕ್ಟರ ಸೊಂಟ ಹಿಡಿದು ಜಗ್ಗಿದರು. ಅಂತೂ ಅದು ಕೈಗೆ ಬರುವ ಹೊತ್ತಿಗೆ ಸಿಲ್ವರ್ ಕ್ರೀಕ್‌ನ ರೈಲು ಕೂಗಿ ಹೊರಟೇ ಹೋಗಿತ್ತು. ಪಾಪ, ಆರ್ವಿಲ್ ಹಿತ್ತಲ ಬಾಗಿಲಿಂದ ಓಡಿ ಸೌದೆಯ ಗಾಡಿ ಹತ್ತಿದ.

ಸಿಲ್ವರ್ ಕ್ರೀಕ್ ತಲುಪುವಷ್ಟರಲ್ಲಿ ಕೆನ್ನೆ ಕುಂಬಳಕಾಯಿಯಾಗಿತ್ತು. ಮಫ್ಲರ್ ಸುತ್ತಿಕೊಂಡು, ಬ್ರೌನ್ ಎಂಬ ಹೆಸರಿನಲ್ಲಿ ಅವನು ಮಂಜುಗಡ್ಡೆಗೆ ಇಳಿದ. ಎದುರಾಳಿಯ ಮೊಣಕೈ ಆ ಕೆನ್ನೆಗೆ ತಗುಲಿದಾಗಲೆಲ್ಲ ನೋವಿಗೆ ಹುಚ್ಚು ಹಿಡಿದಂತಾಗಿ ಗೋಲಿನ ಮೇಲೆ ಗೋಲು ಹೊಡೆದ. ಗಣಿಯವರು ಟೋಪಿ ತೂರಿ ಕುಣಿದರು.

ಪಂದ್ಯ ಮುಗಿದು ಅವನು ಆಟಗಾರರ ಕೋಣೆಯಲ್ಲಿ ಕೂತು ಸ್ಕೇಟು ಬೂಟು ಬಿಚ್ಚುತ್ತಿದ್ದಾಗ ಒಳಗೆ ಬಂದವರು ಡಾಲ್‌ಗ್ಲೀಶ್ ಸಾಹೇಬರು. ಆರ್ವಿಲ್ ತಲೆ ತಗ್ಗಿಸಿ ಬೂಟಿನ ದಾರಕ್ಕೆ ಮತ್ತೆ ಕೈ ಹಾಕಿದ. ಪುಣ್ಯಕ್ಕೆ ಅವರಿಗೆ ಗುರುತು ಸಿಗಲಿಲ್ಲ.

"ಬ್ರೌನ್ ಅವರೇ, ನಿಮ್ಮಂಥೋರನ್ನ ಹುಡುಕ್ಕೊಂಡೇ ಬಂದೆ," ಎಂದು ಅವರು ಬಾಗಿಲು ಮುಚ್ಚಿದರು. "ನಮ್ಮೂರಿಗೆ ಬಂದ್ಬಿಡಿ. ಇವರಿಗಿಂತ ಜಾಸ್ತಿ ಕೊಡ್ತೀನಿ."

"ಡನ್‌ಮೋರ್‌ನಲ್ಲಿ... ಕಾಸು ಮುಟ್ಟೋದಿಲ್ವಂತೆ?" ಆರ್ವಿಲ್ ಊದಿದ ಬಾಯಲ್ಲೇ ತೊದಲಿದ.

"ಅದು ಚರ್ಚಿನ ಬಾಗಿಲಲ್ಲಿ ಹೇಳೋ ಮಾತು ಕಣ್ರೀ. ಎಲ್ಲರಿಗೂ ಕೊಡ್ತೀನಿ, ಒಬ್ಬನ್ನ ಬಿಟ್ಟು. ಬ್ಯಾಂಕಿನ ಗುಮಾಸ್ತ. ನನ್ನ ಮಾತು ನಿಜ ಅಂದ್ಕೊಂಡು ಬಿಟ್ಟಿ ಆಡ್ತಾನೆ."

"ಹಾಗಾದ್ರೆ ಅವನು ಒಳ್ಳೇ ಹುಡುಗನೇ ಅಲ್ವಾ?"

"ಒಳ್ಳೆಯವನೇ. ಆದ್ರೆ ನಾಳೆಯಿಂದ ಅವನ ಜಾಗ ನಿಮ್ಮದು. ಅವನಿಗೆ ನನ್ನ ಮಗಳ ಮೇಲೂ ಕಣ್ಣಿದೆ," ಸಾಹೇಬರು ಬೇಸರದಿಂದ ತಲೆಯಾಡಿಸಿದರು. "ನೀವೇ ಹೇಳಿ, ತನ್ನ ಆಟಕ್ಕೆ ಕಾಸು ಕೇಳೋಕೆ ಬಾರದವನಿಗೆ ಹೆಣ್ಣು ಕೊಡ್ತಾರೇನ್ರೀ?"

ಆರ್ವಿಲ್ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ.