ಮತ್ತು ಇತರರು

ಬೇರೆಯವರ ಮಕ್ಕಳನ್ನು ಹೊಗಳಿ ಬರೆಯುವುದೂ ಒಂದು ಉದ್ಯೋಗವೆಂದು ನೀವು ಒಪ್ಪುವುದಾದರೆ, ನಾನು ಅದರಲ್ಲಿ ಪಳಗಿದ ಕೈ. ಹಲಸೂರಿನ ಗಂಡುಮಕ್ಕಳ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದ ವರ್ಷವೇ ಹೆಡ್‌ಮಾಸ್ಟರು ಶಾಲೆಯ ವಾರ್ಷಿಕ ವರದಿಯನ್ನು ನನ್ನ ತಲೆಗೆ ಕಟ್ಟಿದರು. ವರ್ಷವಿಡೀ ಹುಡುಗರು ಆಡಿದ್ದು, ಹಾಡಿದ್ದು, ಗೆದ್ದದ್ದು ಎಲ್ಲವನ್ನೂ ನಾನು ಬರೆದುಕೊಡಬೇಕು. ಸ್ಕೂಲ್ ಡೇ ದಿನ ಅವರು ಕೋಟು ಹಾಕಿಕೊಂಡು ಓದಬೇಕು. ಗೆದ್ದ ವರ್ಷ ಬರೆಯುವುದು ಕಷ್ಟವಲ್ಲ. ಸೋತ ವರ್ಷಗಳಲ್ಲೇ ನನ್ನ ವಿದ್ಯೆಗೆ ಬೆಲೆ. ಮೊದಲ ಸುತ್ತಿನಲ್ಲೇ ಮನೆಗೆ ಬಂದ ಹಾಕಿ ತಂಡ ನನ್ನ ವರದಿಯಲ್ಲಿ ‘ಅಮೂಲ್ಯ ಅನುಭವ ಗಳಿಸಿತು’. ಎರಡು ವಾಕ್ಯ ಹೇಳಿ, ಮೂರನೆಯದು ಮರೆತು, ವೇದಿಕೆಯಿಂದ ಇಳಿದು ಬಂದ ಭಾಷಣಕಾರ ‘ಸಂಕ್ಷಿಪ್ತವಾಗಿ ಮಾತನಾಡಿ ಸಭೆಯ ಗಮನ ಸೆಳೆದನು’. ಇದರಲ್ಲಿ ಸುಳ್ಳೇನೂ ಇಲ್ಲ, ಗಮನ ಸೆಳೆದದ್ದಂತೂ ನಿಜ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ವರದಿಯಲ್ಲಿ ಹೆಸರು ಬಂದ ಹುಡುಗ ಕೂತಲ್ಲೇ ಎದ್ದು ನಿಲ್ಲಬೇಕು. ಸಭೆ ಚಪ್ಪಾಳೆ ತಟ್ಟುತ್ತದೆ, ಅವನು ಕೂರುತ್ತಾನೆ. ಆ ಒಂದು ಗಳಿಗೆಗಾಗಿ ಶಿವಾಜಿನಗರದಿಂದ ಅಂಗಡಿ ಮುಚ್ಚಿಕೊಂಡು ಬರುವ ತಂದೆಯರಿದ್ದರು. ತಮಿಳು ಬಿಟ್ಟು ಬೇರೇನೂ ತಿಳಿಯದ ಅಜ್ಜಿಯರಿದ್ದರು. ನಾನು ಕಷ್ಟಪಟ್ಟು ಬರೆದ ಎಂಟು ಪುಟ ಕನ್ನಡದಲ್ಲಿ ಅವರಿಗೆ ಬೇಕಾದದ್ದು ಒಂದೇ ಒಂದು ಹೆಸರು. ವೇದಿಕೆಯ ಪಕ್ಕದಲ್ಲಿ ನಿಂತು ಅವರ ಮುಖ ನೋಡುವಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಏಕೆಂದರೆ ನನ್ನ ಮಗನೂ ಅದೇ ಶಾಲೆಯಲ್ಲಿ ಓದುತ್ತಿದ್ದ. ಒಂದು ಸಲ, ಒಂದೇ ಸಲ, ಅವನ ಹೆಸರು ಬರೆಯಬೇಕೆಂದು ನಾನು ಆಸೆಪಟ್ಟುಕೊಂಡು ವರ್ಷಗಳೇ ಆಗಿದ್ದವು. ಆದರೆ ಅವನು ಹಾಡುವವನಲ್ಲ, ಭಾಷಣ ಮಾಡುವವನಲ್ಲ, ಅವನ ಪ್ರಬಂಧವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಸುಲಭ.

ಅವನು ಒಂಬತ್ತನೇ ತರಗತಿಗೆ ಬಂದ ವರ್ಷ ಡ್ರಿಲ್ ಮೇಷ್ಟ್ರು ಪೆರುಮಾಳ್ ನನ್ನನ್ನು ವರಾಂಡದಲ್ಲಿ ತಡೆದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ, “ಸಾರ್, ನಿಮ್ಮ ಪೈಯ ನಲ್ಲಾ ಓಡ್ತಾನೆ ಸಾರ್. ರಿಲೇಗೆ ಹಾಕ್ಕೊತೀನಿ,” ಎಂದರು. ಅಂತೋಣಿ, ಷಫಿ, ಮುರುಗೇಶ ಆಗಲೇ ತಂಡದಲ್ಲಿದ್ದರು, ನಾಲ್ಕನೆಯವನು ನಮ್ಮವನಾದ. ಅಭ್ಯಾಸಕ್ಕೆ ಇಂದಿರಾನಗರ ಸಿಕ್ಕಿತು. ಆಗ ಅಲ್ಲಿ ರಸ್ತೆಗಳು ಮಾತ್ರ ಬಂದಿದ್ದವು, ಮನೆಗಳು ಬರಬೇಕಾಗಿತ್ತು. ಕೈಯಿಂದ ಕೈಗೆ ದಾಟಿಸುವ ಕೋಲು ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಕ್ಷೇಮವಾಗಿದ್ದುದರಿಂದ, ಜೋಗುಪಾಳ್ಯದ ನಮ್ಮ ಮನೆಯ ಲಟ್ಟಣಿಗೆ ಆ ಕೆಲಸಕ್ಕೆ ಹೋಯಿತು. ಎರಡು ತಿಂಗಳು ನಮಗೆ ಚಪಾತಿಯಿಲ್ಲ. “ಇವತ್ತೂ ಉಪ್ಪಿಟ್ಟೇನಾ?” ಎಂದು ಕೇಳಿದರೆ ನನ್ನ ಹೆಂಡತಿ, “ಮಗ ಓಡ್ಲಿ ಬಿಡ್ರೀ, ಚಪಾತಿ ಎಲ್ಲೂ ಓಡೋಗಲ್ಲ,” ಎನ್ನುತ್ತಿದ್ದಳು.

ಶಾಲೆಗಳ ನಡುವಿನ ಪಂದ್ಯದಲ್ಲಿ ಅವರು ಗೆದ್ದೇ ಬಿಟ್ಟರು. ನಾನು ಹೋಗಿರಲಿಲ್ಲ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಮುಂದಿದ್ದವು, ಮುಂದಿನ ವರ್ಷ ನೋಡಿದರಾಯಿತು ಎಂದುಕೊಂಡಿದ್ದೆ. ಮುರುಗೇಶ ಏದುಸಿರು ಬಿಡುತ್ತ ಬಂದು, “ಸಾರ್, ನಾವು ಮೂರನೇ ಪ್ಲೇಸಲ್ಲಿದ್ವಿ ಸಾರ್. ಕಡೇಲಿ ನಿಮ್ಮ ಮಗ ಇಬ್ಬರನ್ನೂ ಹಿಂದೆ ಹಾಕ್ಬಿಟ್ಟ,” ಎಂದ. ಬಹುಮಾನದ ಕಪ್ಪು ಹೆಡ್‌ಮಾಸ್ಟರ ಬೀರು ಸೇರಿತು. ಹುಡುಗರಿಗೆ ಬರಬೇಕಾದದ್ದು ವರದಿಯಲ್ಲಿ ಹೆಸರು ಮಾತ್ರ, ಅದು ನನ್ನ ಕೈಯಲ್ಲಿತ್ತು. ಆ ನಾಲ್ಕು ಹೆಸರುಗಳನ್ನು ನಾನು ಎಷ್ಟು ದುಂಡಗೆ ಬರೆದೆನೆಂದರೆ, ನನ್ನ ಮದುವೆಯ ಲಗ್ನಪತ್ರಿಕೆಯನ್ನೂ ಹಾಗೆ ಬರೆದಿರಲಿಲ್ಲ.

ಮಾರನೆಯ ದಿನ ಗಣಿತದ ಮೇಷ್ಟ್ರು ರಾಮರಾಯರು ಕಾಫಿ ಕುಡಿಯುತ್ತ, “ಏನ್ರೀ, ಈ ಸಲ ವರದೀಲಿ ಮನೆಯೋರೂ ಇದಾರಂತೆ?” ಎಂದರು. ತಮಾಷೆಗೆ ಅಂದದ್ದು. ಅವರು ಲೋಟ ಕೆಳಗಿಡುವ ಹೊತ್ತಿಗೆ ಅದನ್ನು ಮರೆತಿದ್ದರು. ನಾನು ಮರೆಯಲಿಲ್ಲ. ನನಗೆ ಒಳ್ಳೆಯವನು ಅನ್ನಿಸಿಕೊಳ್ಳುವ ಚಟ ಮೊದಲಿನಿಂದಲೂ ಇದೆ. ಮೇಷ್ಟ್ರು ತಮ್ಮ ಮಗನನ್ನೇ ಮೆರೆಸಿದರು ಎಂದು ನಾಲ್ಕು ಜನ ಆಡಿಕೊಂಡರೆ? ಕೊನೆಯ ಪ್ರತಿ ಬರೆಯುವಾಗ ನಾಲ್ಕನೆಯ ಹೆಸರಿನ ಜಾಗದಲ್ಲಿ ‘ಮತ್ತು ಇತರರು’ ಎಂದು ಬರೆದೆ. ಬರೆದಾಗ ನನ್ನ ದೊಡ್ಡತನಕ್ಕೆ ನನಗೇ ಕಣ್ಣಂಚು ಒದ್ದೆಯಾಯಿತು.

ಸ್ಕೂಲ್ ಡೇ ಸಂಜೆ ನನ್ನ ಹೆಂಡತಿ ಮದುವೆಯ ರೇಷ್ಮೆ ಸೀರೆಯುಟ್ಟು ಬಂದು ಎರಡನೇ ಸಾಲಿನಲ್ಲಿ ಕೂತಿದ್ದಳು. ಹೆಡ್‌ಮಾಸ್ಟರು ಗಂಟಲು ಸರಿಪಡಿಸಿಕೊಂಡು ಓದಿದರು. ಅಂತೋಣಿ ಎದ್ದ. ಷಫಿ ಎದ್ದಾಗ, ದರ್ಜಿಯಾಗಿದ್ದ ಅವನ ತಂದೆಯೂ ಜೊತೆಗೆ ಎದ್ದು ಸುತ್ತಲಿನವರಿಗೆಲ್ಲ ಸಲಾಮು ಮಾಡಿದರು. ಮುರುಗೇಶ ಎದ್ದ. ‘ಮತ್ತು’ ಎನ್ನುವ ಹೊತ್ತಿಗೆ ನಮ್ಮವನು ಅರ್ಧ ಎದ್ದಿದ್ದ. ಹೆಡ್‌ಮಾಸ್ಟರು ‘ಇತರರು’ ಎಂದು ಮುಗಿಸಿ ಗ್ರಂಥಾಲಯದ ವಿಷಯಕ್ಕೆ ಹೋದರು. ಅವನು ಅಂಗಿಯ ಅಂಚು ಸರಿಮಾಡಿಕೊಳ್ಳಲು ಎದ್ದವನಂತೆ ಅದನ್ನು ಎಳೆದುಕೊಂಡು ನಿಧಾನವಾಗಿ ಕೂತ. ನಾನು ಅಲ್ಲಿಂದ ಓಡಿಹೋಗಿ ಆ ಕಾಗದವನ್ನು ಕಿತ್ತುಕೊಂಡು ಅವನ ಹೆಸರು ಕೂಗಬೇಕಿತ್ತು. ಕೂಗಲಿಲ್ಲ.

ಮೂವರೂ ಮನೆಗೆ ನಡೆದು ಬಂದೆವು. ಹಲಸೂರು ಕೆರೆ ದಾಟಿದ ಮೇಲೆ ಹೆಂಡತಿ, “ನಾಲ್ಕು ಜನ ಓಡಿದ್ದು ತಾನೇ?” ಎಂದಳು, ಅಷ್ಟೆ. ಮರುವರ್ಷ ನಾನು ಉತ್ತರಪತ್ರಿಕೆಗಳನ್ನೆಲ್ಲ ಮೊದಲೇ ಮುಗಿಸಿಟ್ಟು, “ಪಂದ್ಯ ಯಾವತ್ತೋ? ನಾನೂ ಬರ್ತೀನಿ,” ಎಂದು ಅವನನ್ನು ಕೇಳಿದೆ. ಅವನು ಪುಸ್ತಕದಿಂದ ತಲೆಯೆತ್ತದೆ, “ನಾನು ಸೇರಿಲ್ಲಪ್ಪ. ಇತರರು ಓಡ್ತಾರೆ ಬಿಡಿ,” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ಅವನು ಬಿ.ಎ. ಓದುತ್ತಿದ್ದಾನೆ. ಬಸ್ಸು ಕಣ್ಣೆದುರೇ ಹೊರಟರೂ ನಡೆದೇ ಹೋಗುತ್ತಾನೆ. ದಿನಾ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತು, ಇವತ್ತಾದರೂ ಬಸ್ಸಿಗಾಗಿ ನಾಲ್ಕು ಹೆಜ್ಜೆ ಓಡಬಾರದೇ ಎಂದು ನೋಡುತ್ತಿರುತ್ತೇನೆ. ನನ್ನ ಮಗ ಓಡುವುದನ್ನು ನಾನು ಒಂದು ದಿನವೂ ನೋಡಿಲ್ಲ.

ಇಷ್ಟು ಬರೆದು, ತಪ್ಪನ್ನು ಒಪ್ಪಿಕೊಂಡ ಸಮಾಧಾನದಲ್ಲಿ ಹೆಂಡತಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, “ಅಂತೋಣಿ ಇದಾನೆ, ಷಫಿ ಇದಾನೆ, ಕಾಫಿ ಕುಡಿದ ಆ ರಾಯರೂ ಇದಾರೆ. ನಮ್ಮೋನ ಹೆಸರೆಲ್ರೀ?” ಎಂದಳು. ಮತ್ತೆ ಮೊದಲಿನಿಂದ ಹುಡುಕಿದೆ. ಎಲ್ಲೂ ಇರಲಿಲ್ಲ. ಪೆನ್ನು ತೆಗೆದುಕೊಂಡಾಗ, ದೇವರಾಣೆಗೂ, ಮೊದಲು ನೆನಪಾದದ್ದು ಇದನ್ನು ರಾಮರಾಯರು ಓದಿದರೆ ಏನಂದುಕೊಳ್ಳುತ್ತಾರೆ ಎಂದೇ. ಅಂದುಕೊಳ್ಳಲಿ. ಗೋಪಿನಾಥ, ಒಂಬತ್ತನೇ ತರಗತಿ, ‘ಬಿ’ ವಿಭಾಗ. ಒಂದು ಹೆಸರು ಬರೆಯಲು ಕನ್ನಡ ಮೇಷ್ಟ್ರೊಬ್ಬನಿಗೆ ನಾಲ್ಕು ವರ್ಷ ಹಿಡಿಯಿತು.